ಚುಕ್ಕೆಯಿಟ್ಟ ಪದ

1994ರ ಜೂನ್‌ನಲ್ಲಿ ನಾನು ದೈವಶಾಸ್ತ್ರ ಓದಲೆಂದು ಈ ಕಾಲೇಜಿಗೆ ಬಂದಾಗ ನನ್ನ ಅಪ್ಪನೂ ದೊಡ್ಡಪ್ಪನೂ ಮಾತು ಬಿಟ್ಟು ಹದಿಮೂರು ವರ್ಷಗಳಾಗಿದ್ದವು. ಅಜ್ಜ ತೀರಿಕೊಂಡ ಮೇಲೆ ಹೊಲ ಪಾಲಾಗುವಾಗ ಬಾವಿಯಿದ್ದ ತುಂಡನ್ನು ಅಪ್ಪ, ಅಜ್ಜಿಯ ಹೆಬ್ಬೆಟ್ಟಿನ ಬಲದಿಂದ, ತಮ್ಮ ಹೆಸರಿಗೆ ಬರೆಸಿಕೊಂಡಿದ್ದರು. ಅದು ನ್ಯಾಯವಾಗಿರಲಿಲ್ಲವೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡುತ್ತಿರಲಿಲ್ಲ. ಪ್ರತಿ ಭಾನುವಾರ ಇಬ್ಬರೂ ಒಂದೇ ದೇವಾಲಯಕ್ಕೆ ಬಂದು, ಒಬ್ಬರು ಬಲಗಡೆಯ ಬೆಂಚಿನಲ್ಲಿ, ಒಬ್ಬರು ಎಡಗಡೆಯ ಬೆಂಚಿನಲ್ಲಿ ಕುಳಿತು, ಕರ್ತನಾದ ಯೇಸು ಕಲಿಸಿದ ಪ್ರಾರ್ಥನೆಯನ್ನು ಒಂದೇ ದನಿಯಲ್ಲಿ ಹೇಳಿ, ಮುಖ ನೋಡದೆ ಮನೆಗೆ ಹೋಗುತ್ತಿದ್ದರು. ಕ್ಷಮೆಯ ವಿಷಯದಲ್ಲಿ ಬೋಧನೆಗಳನ್ನು ಕೇಳಿ ಕೇಳಿ ನನ್ನ ಕಿವಿ ಮರಗಟ್ಟಿತ್ತು.

ಎರಡನೆಯ ವರ್ಷ ಹೀಬ್ರೂ ತರಗತಿಯಲ್ಲಿ ಬೈಬಲಿನ ಮೊದಲ ಪುಸ್ತಕವಾದ ಆದಿಕಾಂಡದ 32 ಮತ್ತು 33ನೆಯ ಅಧ್ಯಾಯಗಳು ನಮಗೆ ಪಠ್ಯವಾಗಿದ್ದವು. ಹೊರಗೆ ಕರಾವಳಿಯ ಮಳೆ ಹೆಂಚಿನ ಮೇಲೆ ಸುರಿಯುವಾಗ ಗುರುಗಳ ಮಾತು ಕೇಳಿಸದೆ, ಅವರು ಕರಿಹಲಗೆಯ ಮೇಲೆ ಬರೆದುದನ್ನಷ್ಟೇ ನೋಡಿ ಕಲಿತ ದಿನಗಳೂ ಇದ್ದವು. ಅಂಥ ಒಂದು ದಿನ ಅವರು ಆರು ಅಕ್ಷರಗಳ ಒಂದು ಪದವನ್ನು ಬರೆದು, ಪ್ರತಿ ಅಕ್ಷರದ ತಲೆಯ ಮೇಲೂ ಒಂದೊಂದು ಚುಕ್ಕೆಯಿಟ್ಟರು. ಆ ಪದದ ಅರ್ಥ ‘ಅವನಿಗೆ ಮುದ್ದಿಟ್ಟನು’ ಎಂದು. ಇಪ್ಪತ್ತು ವರ್ಷಗಳ ಮೇಲೆ ತನ್ನೆದುರು ಬಂದ ತಮ್ಮ ಯಾಕೋಬನಿಗೆ ಅಣ್ಣ ಏಸಾವನು ಕೊಟ್ಟ ಮುದ್ದು ಅದು. ಆದಿಕಾಂಡ ಮೊದಲಾದ ಮೋಶೆಯ ಐದು ಪುಸ್ತಕಗಳಲ್ಲಿ ಹೀಗೆ ಚುಕ್ಕೆಯಿಟ್ಟ ಸ್ಥಳಗಳು ಹತ್ತೇ. ಆ ಮುದ್ದು ಮನಃಪೂರ್ವಕವಾಗಿತ್ತೇ, ಇಲ್ಲವೇ ಎಂದು ಯೆಹೂದ್ಯ ಧರ್ಮಗುರುಗಳಾದ ರಬ್ಬಿಗಳು ಈ ಚುಕ್ಕೆಗಳನ್ನು ಹಿಡಿದು ವಾದಿಸಿದ್ದಾರೆ. ಹೀಬ್ರೂವಿನಲ್ಲಿ ಮುದ್ದಿಡುವುದಕ್ಕೂ ಕಚ್ಚುವುದಕ್ಕೂ ಇರುವ ಧಾತುಗಳ ಉಚ್ಚಾರ ತೀರ ಹತ್ತಿರವಾದುದರಿಂದ, ಏಸಾವನು ಕಚ್ಚುವುದಕ್ಕೇ ಬಂದಿದ್ದನೆಂದು ಹೇಳಿದವರೂ ಉಂಟು. ಹನ್ನೊಂದನೆಯ ಶತಮಾನದ ಯೆಹೂದ್ಯ ವ್ಯಾಖ್ಯಾನಕಾರ ರಾಶಿ ಎಂಬವನು ಎರಡು ಅಭಿಪ್ರಾಯಗಳನ್ನು ಕೊಡುತ್ತಾನೆ: ಮುದ್ದಿನಲ್ಲಿ ಮನಸ್ಸಿರಲಿಲ್ಲವೆಂಬುದು ಒಂದು, ಏಸಾವನು ಯಾಕೋಬನನ್ನು ದ್ವೇಷಿಸುತ್ತಿದ್ದುದು ನಿಜವಾದರೂ ಆ ಗಳಿಗೆಯಲ್ಲಿ ಅವನ ಕರುಳು ಮಿಡಿದು ಪೂರ್ಣ ಮನಸ್ಸಿನಿಂದ ಮುದ್ದಿಟ್ಟನೆಂಬುದು ಇನ್ನೊಂದು. ನನಗೆ ಎರಡನೆಯದೇ ಸರಿಯೆಂದು ಅಂದೂ ಅನ್ನಿಸಿತು, ಇಂದೂ ಅನ್ನಿಸುತ್ತದೆ. ದ್ವೇಷ ಪೂರ್ತಿ ಆರುವ ತನಕ ಕಾದರೆ ಯಾವ ಅಣ್ಣ ತಮ್ಮಂದಿರೂ ತಬ್ಬಿಕೊಳ್ಳಲಾರರು.

ಕಥೆ ಗೊತ್ತಿರುವುದೇ. ಕಣ್ಣು ಮಂಜಾದ ತಂದೆ ಇಸಾಕನನ್ನು, ತಾಯಿ ರೆಬೆಕ್ಕಳ ಸಲಹೆಯಂತೆ ಆಡುಮರಿಯ ತೊಗಲು ಸುತ್ತಿಕೊಂಡು ವಂಚಿಸಿ, ಅಣ್ಣನಿಗೆ ಸಲ್ಲಬೇಕಾದ ಆಶೀರ್ವಾದವನ್ನು ಯಾಕೋಬನು ಪಡೆದನು. ಏಸಾವನು ಕೊಲ್ಲುವೆನೆಂದಾಗ ಸೋದರಮಾವ ಲಾಬಾನನ ಮನೆಗೆ ಓಡಿಹೋದನು. ತಿರುಗಿ ಬರುವಾಗ, ಏಸಾವನು ನಾನೂರು ಮಂದಿಯೊಡನೆ ಎದುರಿಗೆ ಬರುತ್ತಿದ್ದಾನೆಂದು ತಿಳಿದು, ಅವನು ತನ್ನ ಹಿಂಡುಗಳಿಂದ ಕಾಣಿಕೆಯನ್ನು ಆರಿಸುತ್ತಾನೆ. ಇನ್ನೂರು ಮೇಕೆ, ಇಪ್ಪತ್ತು ಹೋತ, ಇನ್ನೂರು ಕುರಿ, ಇಪ್ಪತ್ತು ಟಗರು, ಮರಿಗಳ ಸಮೇತ ಮೂವತ್ತು ಹಾಲುಕರೆಯುವ ಒಂಟೆ, ನಲವತ್ತು ಆಕಳು, ಹತ್ತು ಹೋರಿ, ಇಪ್ಪತ್ತು ಹೆಣ್ಣುಕತ್ತೆ, ಹತ್ತು ಗಂಡುಕತ್ತೆ. ಮರಿಗಳನ್ನು ಬಿಟ್ಟು ಲೆಕ್ಕ ಹಾಕಿದರೆ ಐನೂರ ಐವತ್ತು. ಇದನ್ನು ಲಂಚವೆಂದು ತಳ್ಳಿಹಾಕಿದ ಒಬ್ಬ ಸಹಪಾಠಿಗೆ ಗುರುಗಳು, “ತಪ್ಪು ಮಾಡಿದವನು ಬರಿಗೈಯಲ್ಲಿ ಬಂದು ಒಳ್ಳೆಯ ಮಾತು ಹೇಳಿ ಹೋದರೆ ನಿನಗೆ ಸಮಾಧಾನವಾಗುತ್ತದೆಯೇನಪ್ಪಾ?” ಎಂದು ಕೇಳಿದರು.

ಕಾಣಿಕೆಯನ್ನು ಮುಂದೆ ಕಳಿಸುವಾಗ ಯಾಕೋಬನು ಮನಸ್ಸಿನಲ್ಲಿ ಹೇಳಿಕೊಳ್ಳುವ ಒಂದೇ ವಾಕ್ಯದಲ್ಲಿ ‘ಮುಖ’ ಎಂಬ ಪದ ನಾಲ್ಕು ಸಲ ಬರುತ್ತದೆ. ಅದನ್ನು ಅಕ್ಷರಶಃ ಕನ್ನಡಿಸಿದರೆ ಹೀಗಾಗುತ್ತದೆ: ನನ್ನ ಮುಖದ ಮುಂದೆ ಹೋಗುವ ಕಾಣಿಕೆಯಿಂದ ಅವನ ಮುಖವನ್ನು ಮುಚ್ಚುವೆನು, ಆಮೇಲೆ ಅವನ ಮುಖವನ್ನು ನೋಡುವೆನು, ಒಂದು ವೇಳೆ ಅವನು ನನ್ನ ಮುಖವನ್ನು ಎತ್ತಿಯಾನು. ಇಲ್ಲಿಯ ‘ಮುಚ್ಚು’ ಎಂಬುದು ಕಿಪ್ಪೇರ್ ಎಂಬ ಕ್ರಿಯಾಪದ, ಮುಂದೆ ಯೆಹೂದ್ಯರ ಪ್ರಾಯಶ್ಚಿತ್ತ ದಿನವಾದ ಯೋಮ್ ಕಿಪ್ಪೂರ್‌ಗೆ ಹೆಸರು ಕೊಟ್ಟದ್ದು. ‘ಎತ್ತು’ ಎಂಬುದು ನಾಸಾ; ಹೊರು ಎಂಬ ಅರ್ಥವೂ, ತಪ್ಪಿನ ಸಂಗಡ ಬಂದಾಗ ಕ್ಷಮಿಸು ಎಂಬ ಅರ್ಥವೂ ಅದಕ್ಕಿದೆ. ಕ್ಷಮಿಸು ಎಂಬುದಕ್ಕೆ ಸಾಲಖ್ ಎಂಬ ಇನ್ನೊಂದು ಪದವಿದೆ, ಆದರೆ ಹೀಬ್ರೂ ಶಾಸ್ತ್ರದಲ್ಲಿ ಆ ಕ್ರಿಯೆಗೆ ಕರ್ತೃವಾಗಿ ಬರುವವನು ದೇವರೊಬ್ಬನೇ. ಮನುಷ್ಯರ ಪಾಲಿಗೆ ಉಳಿಯುವುದು ಹೊರುವ ಕೆಲಸ. ನಮ್ಮ ಹಿರಿಯರು ‘ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ಬೇಡುವಾಗ ಅವರಿಗೆ ಆ ಭಾರದ ಅರಿವಿತ್ತೆಂದು ನನಗನ್ನಿಸುತ್ತದೆ.

ಅದೇ ರಾತ್ರಿ ಯಬ್ಬೋಕ್ ಹೊಳೆಯ ಬಳಿ ಅಪರಿಚಿತನೊಬ್ಬನೊಡನೆ ಬೆಳಗಾಗುವ ತನಕ ಹೋರಾಡಿ, ತೊಡೆಯ ಕೀಲು ತಪ್ಪಿದ ಯಾಕೋಬನು ಆ ಸ್ಥಳಕ್ಕೆ ‘ದೇವರ ಮುಖ’ ಎಂಬರ್ಥದ ಪೆನೀಯೇಲ್ ಎಂಬ ಹೆಸರಿಟ್ಟನು. ಮಾರನೆಯ ದಿನ ಕುಂಟುತ್ತ ಹೋಗಿ ಏಳು ಸಲ ಬಗ್ಗಿ ನಮಸ್ಕರಿಸಿದನು. ಕದ್ದ ಆಶೀರ್ವಾದದಲ್ಲಿ, ನಿನ್ನ ತಾಯಿಯ ಮಕ್ಕಳು ನಿನಗೆ ಅಡ್ಡಬೀಳುವರು ಎಂಬ ಮಾತಿತ್ತು. ಈಗ ಅಡ್ಡಬಿದ್ದವನು ಯಾಕೋಬನೇ. ಅವನು ಏಸಾವನನ್ನು ‘ನನ್ನ ಒಡೆಯನೇ’ ಎಂದು ಕರೆಯುತ್ತಾನೆ, ಏಸಾವನು ಮಾತ್ರ ‘ಆಖೀ’ ಎನ್ನುತ್ತಾನೆ. ಹೀಬ್ರೂವಿನ ಆ ಪದ ಅಣ್ಣನಿಗೂ ತಮ್ಮನಿಗೂ ಒಂದೇ. ನಮ್ಮ ಭಾಷೆಯಲ್ಲಿ ‘ತಮ್ಮಾ’ ಎಂದೇ ಹೇಳಬೇಕಾಗುತ್ತದೆ, ಅದನ್ನು ಹೇಳುವಾಗ ದನಿಯೂ ಬದಲಾಗುತ್ತದೆ. ನಿನ್ನ ಮುಖವನ್ನು ನೋಡಿದ್ದು ದೇವರ ಮುಖವನ್ನು ನೋಡಿದಂತಾಯಿತು ಎಂದು ಯಾಕೋಬನು ಹೇಳಿ, ಕಾಣಿಕೆಯನ್ನು ಬೇಡವೆಂದ ಅಣ್ಣನನ್ನು ಒತ್ತಾಯಿಸುವಾಗ ಆ ಹಿಂಡುಗಳಿಗೆ ಬಳಸುವ ಪದ ಬೆರಾಖಾ, ಅಂದರೆ ಆಶೀರ್ವಾದ. ಕದ್ದದ್ದು ಯಾವುದೋ ಅದರದೇ ಹೆಸರಿನಲ್ಲಿ ಹಿಂದಿರುಗಿಸುತ್ತಾನೆ. ಅವೇ ಅಕ್ಷರಗಳಿಗೆ ಸ್ವರ ಬದಲಿಸಿದರೆ ನೀರಿನ ಕೊಳವೆಂಬ ಅರ್ಥ ಬರುತ್ತದೆಂದು ಗುರುಗಳು ಹಲಗೆಯ ಮೂಲೆಯಲ್ಲಿ ಬರೆದದ್ದು ನನ್ನ ನೋಟ್‌ಬುಕ್ಕಿನಲ್ಲಿ ಈಗಲೂ ಇದೆ.

ಇಷ್ಟಾದ ಮೇಲೆ ಅವರು ಒಟ್ಟಿಗೆ ವಾಸಿಸುವುದಿಲ್ಲ. ಏಸಾವನು ಸೇಯೀರಿಗೆ ಹೊರಟುಹೋಗುತ್ತಾನೆ. ಹಿಂದಿನಿಂದ ಬರುತ್ತೇನೆಂದ ಯಾಕೋಬನು ಸುಕ್ಕೋತಿಗೆ ತಿರುಗುತ್ತಾನೆ. ಇದು ನನಗೆ ನಿರಾಶೆಯೆನಿಸಿತ್ತು. ಆದರೆ ಇಸಾಕನು ಸತ್ತಾಗ ಅವನನ್ನು ಹೂಳಿದವರು ಮಕ್ಕಳಾದ ಏಸಾವನೂ ಯಾಕೋಬನೂ ಎಂದು 35ನೆಯ ಅಧ್ಯಾಯದ ಕೊನೆಯ ವಚನ ಹೇಳುತ್ತದೆ, ಅದೂ ಏಸಾವನ ಹೆಸರನ್ನು ಮೊದಲಿಟ್ಟು.

ಯಾಕೋಬನ ಮಗ ಯೋಸೇಫನ ವೃತ್ತಾಂತವನ್ನು ಗುರುಗಳು ವರ್ಷದ ಕೊನೆಗೆ ಅವಸರದಲ್ಲಿ ಮುಗಿಸಿದರಾದರೂ ಎರಡು ಸಂಗತಿಗಳನ್ನು ಮರೆಯಲಾರೆ. ಹದಿನೇಳು ವರ್ಷದ ಯೋಸೇಫನನ್ನು ಅಣ್ಣಂದಿರು ಇಪ್ಪತ್ತು ಬೆಳ್ಳಿ ನಾಣ್ಯಕ್ಕೆ ಮಾರುವ ಮೊದಲೇ, ಅವರು ಅವನೊಡನೆ ಸಮಾಧಾನವಾಗಿ ಮಾತಾಡಲಾರದೆ ಹೋದರು ಎಂಬ ಮಾತು ಬರುತ್ತದೆ. ಎಂಟು ಅಧ್ಯಾಯಗಳಾದ ಮೇಲೆ, ಐಗುಪ್ತದಲ್ಲಿ ಅವನು ಅವರನ್ನು ತಬ್ಬಿ ಅತ್ತಾಗ, ಆಮೇಲೆ ಅವನ ಅಣ್ಣತಮ್ಮಂದಿರು ಅವನೊಡನೆ ಮಾತಾಡಿದರು ಎಂದಷ್ಟೇ ಇದೆ. ಏನು ಮಾತಾಡಿದರೆಂದು ಬರೆದಿಲ್ಲ. ಮಾತು ಬಿಟ್ಟ ಮನೆಯಲ್ಲಿ ಬೆಳೆದ ನನಗೆ ಅದನ್ನು ಯಾರೂ ವಿವರಿಸಬೇಕಾಗಿರಲಿಲ್ಲ.

ಇನ್ನೊಂದು, ಆ ಅಣ್ಣಂದಿರಲ್ಲೊಬ್ಬನಾದ ಯೆಹೂದನ ಮಾತು. ಯೋಸೇಫನನ್ನು ಮಾರೋಣವೆಂದು ಹೇಳಿದವನೇ ಅವನು. ಈಗ ಐಗುಪ್ತದಲ್ಲಿ, ಗುಲಾಮನಾಗಿ ಉಳಿಯಬೇಕಾಗಿ ಬಂದ ಕಿರಿಯ ತಮ್ಮ ಬೆನ್ಯಾಮೀನನಿಗೆ ಬದಲಾಗಿ ತಾನೇ ಗುಲಾಮನಾಗಿ ಉಳಿಯುತ್ತೇನೆಂದು ಬೇಡುವಾಗ, ನನ್ನ ಹೆಂಡತಿ ನನಗೆ ಇಬ್ಬರು ಮಕ್ಕಳನ್ನು ಹೆತ್ತಳು ಎಂಬ ತಂದೆಯ ಮಾತನ್ನು ಉದ್ಧರಿಸುತ್ತಾನೆ. ಆ ಹೆಂಡತಿ ಯೋಸೇಫ, ಬೆನ್ಯಾಮೀನರ ತಾಯಿ ರಾಹೇಲಳು, ಯೆಹೂದನ ತಾಯಿ ಲೇಯಳಲ್ಲ. ತಂದೆಯ ಪಕ್ಷಪಾತ ಚೂರೂ ಕಡಿಮೆಯಾಗಿರಲಿಲ್ಲ, ಆದರೂ ಆ ತಂದೆಗಾಗಿ, ಆ ಹೆಂಡತಿಯ ಮಗನಿಗಾಗಿ ಅವನು ತನ್ನನ್ನು ಒಪ್ಪಿಸುತ್ತಾನೆ. ಹಿಂದೆ ತಪ್ಪು ಮಾಡಿದಂಥದೇ ಸಂದರ್ಭ ಒದಗಿ ಬಂದಾಗ ಮಾಡದಿರುವುದೇ ಪೂರ್ಣ ಪಶ್ಚಾತ್ತಾಪವೆಂದು ಹನ್ನೆರಡನೆಯ ಶತಮಾನದ ಯೆಹೂದ್ಯ ಪಂಡಿತ ಮೈಮೊನಿಡೀಸನು ಬರೆದಿದ್ದಾನೆ.

ಮನುಷ್ಯನು ನೆರೆಯವನಿಗೆ ಮಾಡಿದ ತಪ್ಪು, ಆ ನೆರೆಯವನನ್ನು ಸಮಾಧಾನಪಡಿಸುವ ತನಕ ಯೋಮ್ ಕಿಪ್ಪೂರ್‌ನಿಂದಲೂ ಪರಿಹಾರವಾಗದು ಎಂಬ, ಯೆಹೂದ್ಯರ ಪ್ರಾಚೀನ ಧರ್ಮಶಾಸ್ತ್ರ ಸಂಗ್ರಹವಾದ ಮಿಶ್ನಾದ ವಿಧಿಯನ್ನು ಕಲಿತ ವಾರ ನಾನು ಅಪ್ಪನಿಗೆ ನಾಲ್ಕು ಪುಟದ ಕಾಗದ ಬರೆದೆ. ಅವರು ಉತ್ತರಿಸಲಿಲ್ಲ, ರಜೆಗೆ ಹೋದಾಗ ಆ ಸುದ್ದಿಯನ್ನೇ ಎತ್ತಲಿಲ್ಲ. ಮಗನಿಂದ ಬುದ್ಧಿ ಹೇಳಿಸಿಕೊಳ್ಳುವುದು ಎಷ್ಟು ಕಷ್ಟವೆಂದು ನನಗೆ ಆಗ ತಿಳಿದಿರಲಿಲ್ಲ.

2001ರ ಮಾರ್ಚ್‌ನಲ್ಲಿ ಅಜ್ಜಿ ತೀರಿಕೊಂಡ ರಾತ್ರಿ, ಸಾವಿನ ಸುದ್ದಿ ಹೇಳಲು ಯಾರನ್ನೂ ಕಳಿಸದೆ ಅಪ್ಪ ತಾವೇ ಟಾರ್ಚ್ ಹಿಡಿದು ದೊಡ್ಡಪ್ಪನ ಮನೆಗೆ ನಡೆದರು. ಅಲ್ಲಿ ಏನಾಯಿತೆಂದು ನಾನು ಕೇಳಲಿಲ್ಲ. ಬೆಳಗಿನ ಜಾವ ಇಬ್ಬರೂ ಒಟ್ಟಿಗೆ ಬಂದರು. ಶವಪೆಟ್ಟಿಗೆಯ ತಲೆಯ ಕಡೆಗೆ ಒಂದು ಬದಿ ದೊಡ್ಡಪ್ಪ, ಇನ್ನೊಂದು ಬದಿ ಅಪ್ಪ ಹೆಗಲು ಕೊಟ್ಟರು. ಮಣ್ಣು ಮುಗಿದ ಮೇಲೆ ದೊಡ್ಡಪ್ಪ ತಮ್ಮ ಮನೆಗೆ ಹೋದರು, ನಾವು ನಮ್ಮ ಮನೆಗೆ ಬಂದೆವು. ಹೊಲದ ಕಾಗದ ಇಂದಿಗೂ ಅಪ್ಪನ ಹೆಸರಿನಲ್ಲಿಯೇ ಇದೆ. ಆ ಬೇಸಿಗೆ ಅಪ್ಪ ಬಾವಿಯಿಂದ ದೊಡ್ಡಪ್ಪನ ಹೊಲದ ತನಕ ಪೈಪು ಹಾಕಿಸಿದರು.