ಹಾನಗಲ್ಲಿಗೆ ಹೋದರೆ ಮೊದಲು ಅಂಗಳ, ಆಮೇಲೆ ಗುಡಿ

ಹಾನಗಲ್ಲಿನ ತಾರಕೇಶ್ವರ ಗುಡಿಗೆ ಬರುವ ಕಾರುಗಳೆಲ್ಲ ಅರ್ಧ ತಾಸಿನ ಲೆಕ್ಕದಲ್ಲಿ ಬರುತ್ತವೆ. ಮಂದಿ ಚಪ್ಪಲಿ ಬಿಟ್ಟು ನೇರ ಮಂಟಪಕ್ಕೆ ನಡೆಯುತ್ತಾರೆ, ಕತ್ತು ಹಿಂದಕ್ಕೆ ಬಾಗಿಸಿ ಚಾವಣಿಯಲ್ಲಿ ಕೆತ್ತಿದ ಕಮಲದ ಭುವನೇಶ್ವರಿಯ ಫೋಟೊ ಹೊಡೆಯುತ್ತಾರೆ, ತಿರುಗಿ ಕಾರು ಹತ್ತುತ್ತಾರೆ. ಕಮಲ ನೋಡುವಂಥದ್ದೇ, ಅದಕ್ಕೆ ಎರಡು ಮಾತಿಲ್ಲ. ಆದರೆ ಇಂಟರ್ನೆಟ್ಟಿನಲ್ಲಿ ಅದರ ಒಳ್ಳೆಯ ಚಿತ್ರಗಳು ಬೇಕಾದಷ್ಟಿವೆ. ಚಿತ್ರದಲ್ಲಿ ಸಿಗದೆ, ಎದುರು ನಿಂತಾಗಲೇ ಸಿಗುವುದು ಹೊರಗೆ ಅಂಗಳದಲ್ಲಿದೆ. ಈ ಸೀಮೆಯಲ್ಲಿ ಯುದ್ಧ ಸ್ಮಾರಕ ಎಂದು ಬೊಟ್ಟು ಮಾಡಿ ತೋರಿಸುವಂಥದ್ದು ಯಾವುದಾದರೂ ಇದ್ದರೆ ಅದು ಹಾನಗಲ್ಲಿನ ವೀರಗಲ್ಲುಗಳು. ಅವುಗಳ ಮುಂದೆ ನಿಲ್ಲುವವರು ಬೆರಳೆಣಿಕೆಯಷ್ಟು.

ಹುಬ್ಬಳ್ಳಿಯಿಂದ ದಾರಿ ಸಲೀಸು. ಹೆದ್ದಾರಿ ಹಿಡಿದು ಶಿಗ್ಗಾಂವಿ, ಬಂಕಾಪುರ ಕ್ರಾಸು, ಅಲ್ಲಿಂದ ಬಲಕ್ಕೆ ಹೊರಳಿದರೆ ಹಾನಗಲ್. ಒಟ್ಟು ಸುಮಾರು 80 ಕಿ.ಮೀ. ಹಾವೇರಿಯಿಂದ ಬರುವವರಿಗೆ ಮೂವತ್ತರ ಮೇಲೆ ಸ್ವಲ್ಪ. ಬಂಕಾಪುರ ದಾಟಿದ ಮೇಲೆ ನೆಲದ ಬಣ್ಣವೇ ಬದಲಾಗುತ್ತದೆ. ಎರೆ ಹೊಲ ಹಿಂದೆ ಸರಿದು ಭತ್ತದ ಗದ್ದೆ, ಮಾವಿನ ತೋಪು ಶುರುವಾಗುತ್ತವೆ. ಬಾಡಿಗೆ ಗಾಡಿಯಲ್ಲಿ ಬರುವವರು ಹೊರಡುವ ಮೊದಲೇ ಮಾತು ಕತ್ತರಿಸಿದ ಹಾಗೆ ಆಡಿಬಿಡಬೇಕು: ಹಾನಗಲ್ಲಿನಲ್ಲಿ ಎರಡೂವರೆ ತಾಸು ನಿಲ್ಲಬೇಕು. ಇಲ್ಲದಿದ್ದರೆ “ಗುಡಿ ನೋಡಾಕ ಅರ್ಧಾ ತಾಸು ಸಾಕ್ರಿ” ಎಂಬ ಡ್ರೈವರ್‌ ಇಪ್ಪತ್ತನೆಯ ನಿಮಿಷಕ್ಕೇ ಹಾರ್ನ್‌ ಹೊಡೆಯಲು ಶುರುಮಾಡುತ್ತಾನೆ. ಬಿಸಿಲು ತಿರುಗುವವರೆಗೆ ಕಾಯದೆ ಈ ಕಲ್ಲುಗಳು ಕಾಣುವುದಿಲ್ಲ. ಅರ್ಧ ತಾಸಿನಲ್ಲಿ ಬಿಸಿಲು ಎಲ್ಲಿಯೂ ತಿರುಗುವುದಿಲ್ಲ.

ಬಿಸಿಲಿನ ವಿಷಯ ಇಲ್ಲೇ ಮುಗಿಸುವುದು ಒಳ್ಳೆಯದು, ಏಕೆಂದರೆ ಹೆಚ್ಚಿನವರು ಸೋಲುವುದು ಇಲ್ಲೇ. ಫೋಟೊ ತೆಗೆಯುವವರು ಬೆಳಗಿನ ಹೊಂಬಿಸಿಲು ಹುಡುಕಿ ಏಳು ಗಂಟೆಗೇ ಬರುತ್ತಾರೆ. ಪೂರ್ವಕ್ಕೆ ಮುಖ ಮಾಡಿದ ಕಲ್ಲಿಗೆ ಆ ಬಿಸಿಲು ಎದುರಿನಿಂದ ಬೀಳುತ್ತದೆ. ಎದುರಿನ ಬೆಳಕಿಗೆ ನೆರಳಿಲ್ಲ, ನೆರಳಿಲ್ಲದೆ ಉಬ್ಬುಗೆತ್ತನೆ ಇಲ್ಲ, ಇಡೀ ಕಲ್ಲು ಸಪಾಟು ಹಲಗೆ. ಬೆಳಕು ಕಲ್ಲಿನ ಮೈಯನ್ನು ಸವರಿಕೊಂಡು ಹೋಗಬೇಕು. ಪೂರ್ವಮುಖದ ಕಲ್ಲಿಗೆ ಅದು ಸುಮಾರು ಹತ್ತೂವರೆಯಿಂದ ಹನ್ನೊಂದೂವರೆ, ಪಶ್ಚಿಮಮುಖದ್ದಕ್ಕೆ ಮಧ್ಯಾಹ್ನ ಒಂದರಿಂದ ಎರಡು. ನೆತ್ತಿಯ ಮೇಲೆ ಸೂರ್ಯ ಬಂದಾಗ ಇನ್ನೊಂದು ತೊಂದರೆ. ವೀರಗಲ್ಲಿನ ಕೆತ್ತನೆ ಒಂದರ ಮೇಲೊಂದು ಹಂತಗಳಲ್ಲಿರುತ್ತದೆ. ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಅಕ್ಷರ ಕೊರೆದ ಪಟ್ಟಿ ಮುಂದಕ್ಕೆ ಚಾಚಿರುತ್ತದೆ, ಅದರ ನೆರಳು ಕೆಳಗಿನವರ ತಲೆಗಳನ್ನೆಲ್ಲ ನುಂಗುತ್ತದೆ. ದಕ್ಷಿಣಕ್ಕೆ ಮುಖವಿದ್ದರೆ ಬೆಳಿಗ್ಗೆ, ಇಲ್ಲವೆ ಇಳಿಹೊತ್ತು. ಉತ್ತರಕ್ಕಿದ್ದರೆ ಚಳಿಗಾಲದಲ್ಲಿ ಬಿಸಿಲು ಬೀಳುವುದೇ ಇಲ್ಲ. ಅದಕ್ಕೆ ಕನ್ನಡಿ ಬೇಕು. ಅಗಲಕ್ಕೆ ಒಂದು ಗೇಣು, ಉದ್ದಕ್ಕೆ ಒಂದೂವರೆ ಗೇಣಿನ ಕನ್ನಡಿ ಹಿಡಿದು ಒಬ್ಬರು ಎಂಟು ಹತ್ತು ಅಡಿ ದೂರ ಬಿಸಿಲಲ್ಲಿ ನಿಂತು, ಕಲ್ಲಿನ ಪಕ್ಕದಿಂದ ಬೆಳಕು ಹಾಯಿಸಿದರೆ ಸವೆದ ಅಕ್ಷರವೂ ಎದ್ದು ಬರುತ್ತದೆ. ಮೋಡ ಕವಿದ ದಿನ ಕಪ್ಪು ಛತ್ರಿ ಬಿಚ್ಚಿ ಮರೆ ಮಾಡಿ, ಟಾರ್ಚನ್ನು ಕಲ್ಲಿನ ಅಂಚಿಗೆ ತಾಗುವ ಹಾಗೆ ಹಿಡಿಯಿರಿ. ಮೊಬೈಲಿನ ಫ್ಲ್ಯಾಶ್‌ ಮಾತ್ರ ಬೇಡವೇ ಬೇಡ, ಅದೂ ಎದುರಿನ ಬೆಳಕೇ.

ಈಗ ಕಾಳಗಕ್ಕೆ. ಹಾನಗಲ್ಲು ಹಳೆಯ ಶಾಸನಗಳ ಪಾನುಂಗಲ್ಲು. ಪಾನುಂಗಲ್ 500 ಎಂಬ ನಾಡಿನ ರಾಜಧಾನಿ. ಬನವಾಸಿಯ ಹಳೆಯ ಕದಂಬರ ಹೆಸರು ಹೇಳಿಕೊಂಡು, ಸಿಂಹ ಲಾಂಛನ, ವಾನರ ಧ್ವಜ ಇಟ್ಟುಕೊಂಡು ಇಲ್ಲಿ ಆಳಿದ ಕದಂಬರು ಕಲ್ಯಾಣದ ಚಾಲುಕ್ಯರ ಮಾಂಡಲಿಕರು. 12ನೆಯ ಶತಮಾನದ ಕೊನೆಗೆ ಚಾಲುಕ್ಯರು ಕುಸಿದರು. ಬಡಗಣಿಂದ ದೇವಗಿರಿಯ ಸೇವುಣರು, ತೆಂಕಣಿಂದ ಹೊಯ್ಸಳರು ಈ ನಾಡಿಗಾಗಿ ಕಚ್ಚಾಡಿದರು. ಹೊಯ್ಸಳರ ಇಮ್ಮಡಿ ವೀರಬಲ್ಲಾಳ ಗದಗಿನ ಹತ್ತಿರದ ಸೊರಟೂರಿನಲ್ಲಿ ಸೇವುಣ ಭಿಲ್ಲಮನನ್ನು ಸೋಲಿಸಿ, ಲಕ್ಕುಂಡಿಯಲ್ಲಿ ಬೀಡುಬಿಟ್ಟ. ಆಮೇಲೆ ಹಾನಗಲ್ಲಿನ ಸರದಿ. 1196ರಲ್ಲಿ ಆತ ಆನೆಕೆರೆಯ ಬಳಿ ಪಾಳೆಯ ಹೂಡಿ ಕೋಟೆಗೆ ಮುತ್ತಿಗೆ ಹಾಕಿದ. ಕದಂಬ ಕಾಮದೇವನ ದಂಡನಾಯಕ ಸೋಹಣಿ ಹೊಯ್ಸಳ ಸೈನ್ಯವನ್ನು ಹಿಮ್ಮೆಟ್ಟಿಸಿದ, ಆ ಕಾಳಗದಲ್ಲೇ ಸತ್ತ. ಆ ಸುದ್ದಿ ನಮಗೆ ಸಿಕ್ಕಿದ್ದು ಅರಮನೆಯ ಪ್ರಶಸ್ತಿಯಿಂದಲ್ಲ, ಹಾನಗಲ್ಲಿನ ವೀರಗಲ್ಲಿನಿಂದ.

ಆದರೆ ಆ ಗೆಲುವು ಹೆಚ್ಚು ಕಾಲ ನಿಲ್ಲಲಿಲ್ಲ. ಕೊನೆಗೆ ಹೊಯ್ಸಳರ ಕೈಯೇ ಮೇಲಾಯಿತು, ಅವರ ಹಿಂದೆಯೇ ಸೇವುಣರು ಬಂದರು. ಅಂದರೆ ಇದು ಉಳಿಯದೆ ಹೋದ ಗೆಲುವಿನ ಸ್ಮಾರಕ. ಆಮೇಲೆ ಬಂದ ಯಾವ ಧಣಿಗೂ ಇದನ್ನು ಕಾಪಾಡುವ ದರ್ದು ಇರಲಿಲ್ಲ. ಆದರೂ ಉಳಿಯಿತು. ಆ ಆನೆಕೆರೆಯೂ ಇದೆ. ಗುಡಿ ನೋಡಿ ತಿರುಗಿ ಹೋಗುವ ಮೊದಲು ಕೆರೆ ಏರಿಯ ಮೇಲೆ ನಿಂತು ಊರಿನ ಕಡೆ ನೋಡಿದರೆ ದೂರದ ಅಂದಾಜು ಸಿಗುತ್ತದೆ. ನೀರು, ಮೇವು, ಬಯಲು ಮೂರೂ ಒಂದೇ ಕಡೆ. ಆನೆ ಕುದುರೆ ಕಟ್ಟಿಕೊಂಡು ಬಂದವನು ಬೇರೆಲ್ಲಿ ಇಳಿದಾನು?

ಅಂಗಳದ ದೊಡ್ಡ ವೀರಗಲ್ಲು ಆಳೆತ್ತರವನ್ನು ಮೀರಿದ್ದು. ಅದನ್ನು ಓದುವ ಕ್ರಮ ಕೆಳಗಿನಿಂದ ಮೇಲಕ್ಕೆ. ಮೇಲಿನಿಂದ ನೋಡುತ್ತ ಬಂದರೆ ದೇವರಿಂದ ಶುರುವಾಗಿ ಹೆಣಗಳಲ್ಲಿ ಮುಗಿಯುತ್ತದೆ, ಕಥೆ ತಲೆಕೆಳಗು. ಹಾಗಾಗಿ ಮೊದಲು ನೆಲಕ್ಕೆ ಕುಕ್ಕರುಗಾಲಲ್ಲಿ ಕೂಡಬೇಕು. ಮೊಣಕಾಲು ನೋವಿನವರು ಒಂದು ಚಿಕ್ಕ ಮಣೆಯನ್ನೋ ದಪ್ಪ ಟವೆಲನ್ನೋ ತಂದರೆ ಒಳ್ಳೆಯದು. ಕೆಳಹಂತದಲ್ಲಿ ಕಾಲಿಡಲು ಜಾಗವಿಲ್ಲ: ಆನೆ, ಕುದುರೆ, ಕಾಲಾಳು ಒಬ್ಬರ ಮೇಲೊಬ್ಬರು. ಇಂಥ ನೂಕುನುಗ್ಗಲಿನಲ್ಲಿ ವೀರನನ್ನು ಹುಡುಕುವುದು ಕಷ್ಟವಲ್ಲ, ಶಿಲ್ಪಿ ಅವನನ್ನು ಉಳಿದವರಿಗಿಂತ ದೊಡ್ಡದಾಗಿಯೇ ಕೆತ್ತುತ್ತಾನೆ. ತಲೆಯ ಮೇಲೆ ಕೊಡೆ ಇದ್ದರೆ ಅವನು ಒಡೆಯ ಅಥವಾ ನಾಯಕ. ಆಮೇಲೆ ಕಾಲಡಿ ನೋಡಿ. ಬಿದ್ದವರನ್ನೂ ಈ ಶಿಲ್ಪಿಗಳು ಬಿಡದೆ ಕೆತ್ತಿದ್ದಾರೆ. ನಮ್ಮ ಈಗಿನ ಚೌಕದ ಪ್ರತಿಮೆಗಳಲ್ಲಿ ಕುದುರೆಯೊಂದು ಮುಂಗಾಲೆತ್ತಿ ನಿಂತಿರುತ್ತದೆ, ಅದರ ಕೆಳಗೆ ಯಾರೂ ಸತ್ತಿರುವುದಿಲ್ಲ. ಹಳಬರಿಗೆ ಆ ಸಂಕೋಚವಿರಲಿಲ್ಲ.

ಮುಂದಿನ ಹಂತಕ್ಕೆ ಬಂದರೆ ಗದ್ದಲ ನಿಂತಿರುತ್ತದೆ. ಅಪ್ಸರೆಯರು ಚಾಮರ ಹಿಡಿದು ವೀರನನ್ನು ಮೇಲಕ್ಕೆ ಒಯ್ಯುವ ಹಂತ ಇದು. ಸತ್ತವನ ತೋಳುಗಳು ಅತ್ತಿತ್ತ ನಿಂತ ಹೆಣ್ಣುಗಳ ಹೆಗಲ ಮೇಲಿದ್ದರೆ ಅಥವಾ ಅವನು ವಿಮಾನದಲ್ಲಿ ಕೂತಿದ್ದರೆ ಗುರುತು ಸಿಕ್ಕಂತೆ. ತುದಿಯ ಹಂತ ಕೈಲಾಸ: ನಡುವೆ ಲಿಂಗ, ಒಂದು ಬದಿ ಪೂಜೆ ಮಾಡುವ ಯತಿ, ಇನ್ನೊಂದು ಬದಿ ಕೈಮುಗಿದು ಕೂತ ವೀರ, ನಂದಿ, ಮೇಲೆ ಸೂರ್ಯ ಚಂದ್ರ. ಆ ಜಾಗದಲ್ಲಿ ಜಿನನಿದ್ದರೆ ಸತ್ತವನು ಜೈನ. ಕಂಬದಿಂದ ಹೊರಟ, ಬಳೆ ತೊಟ್ಟ ಹೆಣ್ಣುತೋಳು ಕಂಡರೆ ಅದು ಮಾಸ್ತಿಕಲ್ಲು, ಗಂಡನ ಜೊತೆ ಬೆಂಕಿಗೆ ಹೋದವಳದು. ವೀರಗಲ್ಲಿನ ಪಕ್ಕದಲ್ಲೇ ಅದು ಸಿಗುವುದುಂಟು, ಒಂದೇ ಕಲ್ಲಿನಲ್ಲಿ ಎರಡೂ ಸೇರಿರುವುದೂ ಉಂಟು.

ಹಂತಗಳ ನಡುವಿನ ಪಟ್ಟಿಯಲ್ಲಿ ಅಕ್ಷರ. ಇಡೀ ಸಾಲು ಓದಲು ಹೋದರೆ ಬೇಸರ ಬರುತ್ತದೆ. ಗೊತ್ತಿರುವ ತುಣುಕು ಹಿಡಿಯುವುದು ಜಾಣತನ: ಮೊದಲಲ್ಲಿ “ಸ್ವಸ್ತಿ”, “ಶ್ರೀ”, ನಡುವೆ “ಸಂವತ್ಸರದ”, ಕೊನೆಯ ಕಡೆ “ಸುರಲೋಕ”. 12ನೆಯ ಶತಮಾನದ ಅಕ್ಷರ ಈಗಿನದಕ್ಕೆ ಸಾಕಷ್ಟು ಹತ್ತಿರ, ತಾಳ್ಮೆಯಿದ್ದವರಿಗೆ ದಕ್ಕುತ್ತದೆ. ಶಕವರ್ಷ ಸಿಕ್ಕಿದರೆ 78 ಕೂಡಿಸಿ; ತಿಥಿ ಪುಷ್ಯದಿಂದ ಫಾಲ್ಗುಣದೊಳಗೆ ಇದ್ದರೆ ಬಹುತೇಕ 79. ಶಕ 1118 ಎಂದರೆ 1196, ನಳ ಸಂವತ್ಸರ. ಸಂಖ್ಯೆ ಸವೆದಿದ್ದು ಸಂವತ್ಸರದ ಹೆಸರು ಉಳಿದಿದ್ದರೂ ಲೆಕ್ಕ ಹಿಡಿಯಬಹುದು, ಅದೇ ಹೆಸರು 60 ವರ್ಷಕ್ಕೊಮ್ಮೆ ಮರಳುತ್ತದೆ.

ಕರ್ನಾಟಕದ ಎಷ್ಟೋ ವೀರಗಲ್ಲುಗಳಲ್ಲಿ ಒಂದೇ ಸಂಸ್ಕೃತ ಶ್ಲೋಕ ಬರುತ್ತದೆ: “ಜಿತೇನ ಲಭ್ಯತೇ ಲಕ್ಷ್ಮೀ ಮೃತೇನಾಪಿ ಸುರಾಂಗನಾ”. ಗೆದ್ದರೆ ಸಿರಿ, ಸತ್ತರೆ ಸುರಾಂಗನೆ. ಕ್ಷಣದಲ್ಲಿ ಅಳಿಯುವ ಮೈಗೆ ರಣದಲ್ಲಿ ಸಾಯಲು ಚಿಂತೆ ಏಕೆ ಎಂದು ಮುಂದಿನ ಅರ್ಧ. ಭಾಷಣಗಳಲ್ಲಿ ಇದನ್ನು ಉಬ್ಬುಬ್ಬಿ ಹೇಳುತ್ತಾರೆ. ಇದು ದಂಡಿಗೆ ಆಳು ಕೂಡಿಸುವವರ ಮಾತು, ಅಷ್ಟೇ. ವೀರಗಲ್ಲಿನಲ್ಲಿ ಇದಕ್ಕಿಂತ ಬೆಲೆಯುಳ್ಳ ಸಾಲು ಬೇರೆ ಇರುತ್ತದೆ. ಸತ್ತವನ ಮನೆಯವರಿಗೆ ಇಷ್ಟು ಮತ್ತರು (ಹಳೆಯ ನೆಲದಳತೆ) ಗದ್ದೆ ಬಿಟ್ಟರು ಎಂಬ ಸಾಲು. ಬಾಳ್ಗಚ್ಚು, ನೆತ್ತರುಕೊಡಗೆ ಎಂದು ಅದಕ್ಕೆ ಹೆಸರು. ಯಾವ ಕಲ್ಲಿನಲ್ಲಾದರೂ ಅದು ಕಂಡರೆ ಬರೆದುಕೊಳ್ಳಿ. ಸುರಾಂಗನೆ ಸತ್ತವನಿಗೆ, ಗದ್ದೆ ಉಳಿದವರಿಗೆ.

ಕಲ್ಲಿನ ಮುಂದೆ ಹೀಗೆ ಕುಕ್ಕರಿಸಿದವರನ್ನು ಕಂಡು ಊರವರು ಮಾತಿಗೆ ಬರದೆ ಇರುವುದಿಲ್ಲ. ಗೋಡೆಯ ನೆರಳಿಗೆ ಕೂತಿದ್ದ ಹಿರಿಯರೊಬ್ಬರು ಕೇಳಿದರು:

“ಆಗಿಂದ ಏನ್ ನೋಡಾಕತ್ತೀರಿ ಅಲ್ಲೆ?”

“ಕಾಳಗ ನೋಡಾಕತ್ತೀವ್ರಿ ಅಜ್ಜಾರ.”

“ಅದು ದನದ ಸಲುವಾಗಿ ಆಗಿದ್ದ ಜಗಳರಿ. ಕೌರವರು ಬಂದು ವಿರಾಟರಾಜನ ದನಾ ಹೊಡಕೊಂಡ ಹೊಂಟಿದ್ರು. ಅರ್ಜುನ ಬೆನ್ನ ಹತ್ತಿ ತಿರುಗಿಸ್ಕೊಂಡ ಬಂದ. ಆವಾಗ ಈ ಊರು ವಿರಾಟನಗರಿ.”

“ಹೊಯ್ಸಳರ ಬಲ್ಲಾಳ ಬಂದಿದ್ನಂತಲ್ರಿ?”

“ಬಂದಿರಬೇಕ್ರಿ. ಭಾಳ ಮಂದಿ ಬಂದ್ಹೋಗ್ಯಾರ. ಯಾರ ಬಂದ್ರೂ ದನಾ ಒಯ್ಯಾಕ, ಕಾಳ ಒಯ್ಯಾಕ ಬಂದಾರ. ಹಾಲ ಕುಡ್ಯಾಕ ಯಾರ ಬಂದಾರ?”

ಇದನ್ನು ಕೇಳಿ ನಗುವವರಿದ್ದಾರೆ. ನಗಬೇಕಾದ್ದಿಲ್ಲ. ಕನ್ನಡ ನಾಡಿನ ವೀರಗಲ್ಲುಗಳಲ್ಲಿ ಅರಸರ ದಂಡಯಾತ್ರೆಗಿಂತ ಹೆಚ್ಚಾಗಿ ಸಿಗುವುದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋದವರನ್ನು ಅಡ್ಡಗಟ್ಟಿ ಸತ್ತವರ ಕಥೆ. ಅದರ ಜೊತೆಗೆ ಊರಳಿವು, ಹೆಣ್ಣುಗಳ ಮಾನ ಕಾಯಲು ಹೋದ ಪೆಣ್ಬುಯ್ಯಲ್, ಗಡಿಯ ತಂಟೆ. ಕೆಳಹಂತದಲ್ಲಿ ಕಾದುವವರ ಪಕ್ಕ ದನದ ಸಾಲು ಕಂಡರೆ ಅದು ತುರುಗೊಳ್ ಕಲ್ಲು. ಅಜ್ಜನವರು ಅರಸನ ಹೆಸರು ತಪ್ಪಿರಬಹುದು, ಜಗಳದ ಕಾರಣ ತಪ್ಪಲಿಲ್ಲ.

ಅಂಗಳದ ಕಲ್ಲುಗಳಿಗಾದರೂ ಕಾವಲಿದೆ. ದಾರಿಯ ಹಳ್ಳಿಗಳಲ್ಲಿ ಹನುಮಪ್ಪನ ಗುಡಿಯ ಪಕ್ಕ, ಕೆರೆ ಏರಿಯ ಮೇಲೆ, ಬೇವಿನ ಬುಡದಲ್ಲಿ ನಿಂತವುಗಳ ಪಾಡು ಬೇರೆ. ಕೆಲವು ಮೆಟ್ಟಿಲಾಗಿವೆ, ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ದೇವರಾದವುಗಳ ಗತಿ ಇನ್ನೂ ಕೆಟ್ಟದ್ದು. ಎಣ್ಣೆ ಹಚ್ಚಿ ಕುಂಕುಮ ಬಳಿದಲ್ಲಿ ದೂಳು ಅಂಟಿ ವರ್ಷದಿಂದ ವರ್ಷಕ್ಕೆ ಹೆಕ್ಕಳೆ ಕಟ್ಟುತ್ತದೆ. ಸುಣ್ಣ ಬಳಿದಿದ್ದರೆ ತಜ್ಞರ ಕೈಯಲ್ಲಿ ಹೇಗೋ ಬಿಡಿಸಿಕೊಂಡು ಬರುತ್ತದೆ. ಜಾತ್ರೆಗೆಂದು ಬಳಿದ ಎನಾಮಲ್‌ ಬಣ್ಣ ಮಾತ್ರ ಅಕ್ಷರದ ಗುಣಿಗೆ ಇಳಿದು ಗಟ್ಟಿಯಾಗಿ ಕೂತುಬಿಡುತ್ತದೆ. ಅದನ್ನು ತೆಗೆಯುತ್ತೇವೆಂದು ಉತ್ಸಾಹಿಗಳು ತಂತಿ ಬ್ರಷ್‌, ಆ್ಯಸಿಡ್‌ ಹಿಡಿದು ಬರುವುದುಂಟು. ಈ ಭಾಗದ ಬಹಳಷ್ಟು ವೀರಗಲ್ಲು ಬಳಪದ ಕಲ್ಲಿನ ಜಾತಿಯದು, ಉಗುರಿಗೂ ಗೀರು ಬೀಳುವಷ್ಟು ಮೆದು. ತಂತಿ ಬ್ರಷ್‌ ಆಡಿಸಿದರೆ ಬಣ್ಣದ ಜೊತೆ ಅಕ್ಷರವೂ ಹೋಯಿತು. ಓದಲು ಅನುಕೂಲವೆಂದು ಸೀಮೆಸುಣ್ಣ, ವಿಭೂತಿ ತಿಕ್ಕುವುದೂ ಬೇಡ. ತಿಕ್ಕಿದವನು ತನಗೆ ತೋಚಿದ ಗೆರೆಯನ್ನೇ ಅಕ್ಷರ ಮಾಡಿ ಹೋಗುತ್ತಾನೆ, ಮುಂದಿನವನು ಅದನ್ನೇ ಓದುತ್ತಾನೆ. ಶಾಸನ ತಜ್ಞರು ಒದ್ದೆ ಕಾಗದ ಹಚ್ಚಿ, ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಬಡಿದು ಗಾಳಿ ಹೊರಹಾಕಿ, ಆರಿದ ಹದದಲ್ಲಿ ಶಾಯಿ ತಟ್ಟಿ ಪಡಿಯಚ್ಚು ತೆಗೆಯುತ್ತಾರೆ. ಗಾಳಿಗುಳ್ಳೆ ಉಳಿದರೆ ಇಲ್ಲದ ಅಕ್ಷರ ಮೂಡುತ್ತದೆ, ಶಾಯಿ ಹೆಚ್ಚಾದರೆ ಇದ್ದದ್ದು ಮುಚ್ಚುತ್ತದೆ. ಸಂರಕ್ಷಿತ ಸ್ಮಾರಕದಲ್ಲಿ ಅದಕ್ಕೆ ಅನುಮತಿ ಬೇಕು. ಪ್ರವಾಸಿಗೆ ಫೋಟೊ ಸಾಕು: ಹಂತ ಹಂತವಾಗಿ, ಒಂದರ ಅಂಚು ಇನ್ನೊಂದರಲ್ಲಿ ಬರುವ ಹಾಗೆ, ಪಕ್ಕದಲ್ಲಿ ಶಾಲೆಯ ಒಂದು ಸ್ಕೇಲು ಇಟ್ಟು.

ಇಷ್ಟಾದ ಮೇಲೆ ಗುಡಿಯೊಳಗೆ ಹೋಗಿ ಕಮಲ ನೋಡಿ. ಗಣಪತಿ ಗುಡಿಯ ಉತ್ತರದ ಶೈಲಿಯ ಶಿಖರವನ್ನೂ ಬಿಡಬೇಡಿ. ಬಂಕಾಪುರದ ಕೋಟೆಯೊಳಗಿನ ಅರವತ್ತು ಕಂಬದ ನಗರೇಶ್ವರ ಗುಡಿ ಬರುವಾಗಲೋ ಹೋಗುವಾಗಲೋ ಒಂದು ತಾಸಿನದು. ಸುತ್ತಲಿನ ನೆಲಮಟ್ಟಕ್ಕಿಂತ ಕೆಳಗಿದೆ, ಕಿಲಾರಿ ದನಗಳ ತಳಿ ಕೇಂದ್ರವೂ ನವಿಲುಗಳೂ ಅದೇ ಆವರಣದಲ್ಲಿ. ಊಟದ ಬಗ್ಗೆ ಬರೆಯುವಂಥದ್ದೇನಿಲ್ಲ, ಗಿರಮಿಟ್ಟು ಮಿರ್ಚಿಗೆ ಎಲ್ಲಿಯೂ ಬರವಿಲ್ಲ.

ಗದಗಿನ ಬೆಟಗೇರಿಯ ವೀರಗಲ್ಲುಗಳನ್ನೂ ಇದೇ ದಿನಕ್ಕೆ ತುರುಕುವ ಪ್ಲ್ಯಾನು ಬೇಡ. ಅದು ಹುಬ್ಬಳ್ಳಿಯ ಇನ್ನೊಂದು ದಿಕ್ಕು, ಸುಮಾರು 60 ಕಿ.ಮೀ., ಅಲ್ಲಿಗೆ ತಲುಪುವ ಹೊತ್ತಿಗೆ ಬೆಳಕು ಕೈಕೊಟ್ಟಿರುತ್ತದೆ. ಅವು ಇವಕ್ಕಿಂತ ಹಳೆಯವು, 9, 10ನೆಯ ಶತಮಾನದವೂ ಇವೆ. ಅಕ್ಷರದಲ್ಲಿ ಈಗ ಬಿಟ್ಟುಹೋದ ಱ, ೞ ಸಿಗುವ ಕಾಲ ಅದು. ಹಾಗಾಗಿ ಮೊದಲು ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕನ್ನಡ ಸಂಶೋಧನ ಸಂಸ್ಥೆಯ ವಸ್ತುಸಂಗ್ರಹಾಲಯಕ್ಕೆ ಹೋಗಿ ವೀರಗಲ್ಲುಗಳನ್ನು ಹತ್ತಿರದಿಂದ ನೋಡಿ ಕಣ್ಣು ಪಳಗಿಸಿಕೊಳ್ಳಿ, ಆಮೇಲೆ ಹಾನಗಲ್ಲು, ಅದಾದ ಮೇಲೆ ಬೆಟಗೇರಿ. ಬೆಟಗೇರಿಗೆ ಹೋಗುವಾಗಲೂ ಕನ್ನಡಿ ಮರೆಯಬೇಡಿ.