ಕೂಗಿ ಮಾತನಾಡುವವರ ಮನೆ

ಕಳೆದ ಶನಿವಾರ ಪಕ್ಕದ ಮನೆಯ ಅಜ್ಜಿಯನ್ನು ಅಮೆರಿಕದ ಲೋವೆಲ್ ಊರಿನ ಬೂಟ್ ಎಂಬ ಹತ್ತಿ ಗಿರಣಿಗೆ ಕರೆದುಕೊಂಡು ಹೋಗಿದ್ದೆ. ಮೆರಿಮ್ಯಾಕ್ ನದಿಯ ದಡದ ಆ ಕೆಂಪು ಇಟ್ಟಿಗೆಯ ಕಟ್ಟಡ ಈಗ ವಸ್ತುಸಂಗ್ರಹಾಲಯ. ಹಳೆಯ ಮಗ್ಗಗಳನ್ನು ಓಡಿಸಿ ತೋರಿಸುತ್ತಾರೆ. ಬಾಗಿಲಲ್ಲೇ ಕಿವಿಗೆ ಇಟ್ಟುಕೊಳ್ಳಲು ಬಿರಡೆ ಕೊಡುತ್ತಾರೆ. ಅಜ್ಜಿ ಬೇಡವೆಂದರು. ಒಳಗೆ ಹತ್ತು ನಿಮಿಷ ಕಣ್ಣು ಮುಚ್ಚಿ ನಿಂತಿದ್ದರು. ಕಾಲ ಕೆಳಗಿನ ಮರದ ಹಲಗೆಗಳೂ ನಡುಗುತ್ತಿದ್ದವು.

ಹೊರಗೆ ಬಂದ ಮೇಲೆ ಹೇಳಿದರು: "ನನ್ನ ಅಮ್ಮ ಗ್ರೀಸಿನಿಂದ ಬಂದು ಇಂಥ ಗಿರಣಿಯಲ್ಲೇ ದುಡಿದವಳು. ಮನೆಯಲ್ಲಿ ಸದಾ ಕೂಗಿ ಮಾತನಾಡುತ್ತಿದ್ದಳು. ಬಹಳ ವರ್ಷ, ಅವಳಿಗೆ ನಮ್ಮ ಮೇಲೆ ಸಿಟ್ಟು ಎಂದೇ ತಿಳಿದಿದ್ದೆ."

ಕಾರು ಓಡಿಸುತ್ತಿದ್ದ ನನಗೆ ಗಂಟಲು ಕಟ್ಟಿತು. ದಾವಣಗೆರೆಯ ಗಿರಣಿಯೊಂದರಲ್ಲಿ ಇಪ್ಪತ್ತಾರು ವರ್ಷ ನೇಯ್ದ ನನ್ನ ಅಪ್ಪನೂ ಕೂಗಿಯೇ ಮಾತನಾಡುತ್ತಾರೆ. ಕಾಲೇಜಿನ ಗೆಳೆಯರು ಮನೆಗೆ ಬಂದಾಗ "ಮೆಲ್ಲಗೆ ಮಾತನಾಡಿ" ಎಂದು ಕಣ್ಣಲ್ಲೇ ಗದರಿದವನು ನಾನು.

ಲೋವೆಲ್‌ನಲ್ಲಿ ಮೊದಲು ದುಡಿದವರು ಸುತ್ತಲ ರೈತರ ಮನೆಯ ಹೆಣ್ಣುಮಕ್ಕಳು. ತಮ್ಮದೇ ಸಂಪಾದನೆಯ ಕಾಸು ಕೈಗೆ ಬಂದದ್ದು ಅವರಿಗೆ ದೊಡ್ಡ ಬಿಡುಗಡೆಯೇ. ಆದರೆ ಗಂಟೆ ಹೊಡೆದಂತೆ ಏಳಬೇಕು, ಉಣ್ಣಬೇಕು, ಮಲಗಬೇಕು. ವಾರಕ್ಕೆ ಎಪ್ಪತ್ತು ಗಂಟೆಗೂ ಹೆಚ್ಚು ದುಡಿಮೆ. ಭಾನುವಾರ ಚರ್ಚಿಗೆ ಹೋಗದವರಿಗೆ ಕೆಲಸವಿಲ್ಲ ಎಂದು ಕಂಪನಿಯ ನಿಯಮದಲ್ಲೇ ಬರೆದಿತ್ತು. ಹೀಗೆ ಭಕ್ತಿಯನ್ನೂ ಹಾಜರಿ ಪುಸ್ತಕಕ್ಕೆ ಸೇರಿಸಿದ ಧಣಿಗಳ ಗಿರಣಿಗೆ ಬರುತ್ತಿದ್ದುದು ದಕ್ಷಿಣದ ಗುಲಾಮರು ಬಿಡಿಸಿದ ಹತ್ತಿ. ಇಲ್ಲಿ ನೇಯ್ದ ಒರಟು ಬಟ್ಟೆ ಅದೇ ಗುಲಾಮರ ಮೈಮೇಲೆ ಹೋಗುತ್ತಿತ್ತು. ಅದಕ್ಕೆ ಹೆಸರೇ 'ಲೋವೆಲ್' ಬಟ್ಟೆ. ಆ ಚರ್ಚುಗಳಲ್ಲಿ ಯಾವ ಪ್ರಾರ್ಥನೆ ನಡೆಯುತ್ತಿತ್ತೋ ಎಂದು ಯೋಚಿಸಿದರೆ ನನಗೆ ಇಂದಿಗೂ ಸಂಕಟವಾಗುತ್ತದೆ.

ಹುಡುಗಿಯರು ಸುಮ್ಮನಿರಲಿಲ್ಲ. 1834ರಲ್ಲಿ ಕೂಲಿ ಕಡಿತಗೊಳಿಸಿದಾಗ ಮಗ್ಗ ಬಿಟ್ಟು ಬೀದಿಗೆ ಬಂದರು, 1836ರಲ್ಲಿ ಮತ್ತೊಮ್ಮೆ. ಸಾರಾ ಬ್ಯಾಗ್ಲಿ ಎಂಬ ನೇಕಾರ್ತಿ 1845ರಲ್ಲಿ ಶಾಸನಸಭೆಯ ಸಮಿತಿಯ ಮುಂದೆ ನಿಂತು ದಿನಕ್ಕೆ ಹತ್ತೇ ಗಂಟೆ ಕೆಲಸವಿರಲಿ ಎಂದು ಕೇಳಿದಳು. ಮಸಾಚುಸೆಟ್ಸ್ ರಾಜ್ಯ ಹೆಂಗಸರಿಗೆ ಆ ಕಾನೂನು ಮಾಡಿದ್ದು 1874ರಲ್ಲಿ.

ಗಿರಣಿಗಳು ಮುಚ್ಚಿದ ಮೇಲೆ, 1978ರಲ್ಲಿ ಈ ಊರಿನ ಗಿರಣಿ ಕಟ್ಟಡ, ಕಾಲುವೆಗಳನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನವಾಗಿಸಿದರು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ನಮ್ಮೂರಿನಲ್ಲಿ ಅಪ್ಪನ ಗಿರಣಿಯ ಜಾಗ ನಿವೇಶನಗಳಾಗಿದೆ. ಆ ಸೈರನ್ ಕೂಗಿಗೆ ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದ ಓಣಿಗಳಲ್ಲಿ ಒಂದು ಲಾಳಿಯನ್ನಾದರೂ ಯಾರೂ ಎತ್ತಿಡಲಿಲ್ಲ. ಅಪ್ಪನಿಗೆ ಬರಬೇಕಾದ ಬಾಕಿಯೂ ಪೂರ್ತಿ ಬರಲಿಲ್ಲ.

ಮೊಬೈಲ್‌ನಲ್ಲಿ ಹಿಡಿದಿದ್ದ ಮಗ್ಗದ ವಿಡಿಯೊವನ್ನು ಊರಿಗೆ ಕಳುಹಿಸಿದೆ. ಭಾನುವಾರ ಅಪ್ಪನೇ ಕರೆ ಮಾಡಿದರು. ಸದ್ದು ಅವರಿಗೆ ಕೇಳಿಸಿರಲಿಕ್ಕಿಲ್ಲ. ಆದರೂ ನಾಲ್ಕು ಸಲ ನೋಡಿದರಂತೆ.

"ಎಡಗಡೆಯ ಮಗ್ಗದಲ್ಲಿ ಎಳೆ ಕಡಿದಿದೆಯಲ್ಲೋ," ಎಂದು ಕೂಗಿದರು. "ಯಾರೂ ನೋಡಲಿಲ್ಲವೇ?"

"ಇಲ್ಲಪ್ಪಾ," ಎಂದು ನಾನೂ ಕೂಗಿದೆ. ಪಕ್ಕದ ಕೋಣೆಯಿಂದ ಮಗಳು ಓಡಿ ಬಂದು ನನ್ನ ಮುಖ ನೋಡುತ್ತಾ ನಿಂತಳು.