ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ನೋಡಬೇಕೆ? ಮೊದಲು ನೀರಿನ ಲೆಕ್ಕ ನೋಡಿ

ಅಕ್ಟೋಬರಿನಲ್ಲಿ ಕುಮಟಾ ಕಡೆ ಹಕ್ಕಿ ನೋಡಲು ಹೊರಟವರೆಲ್ಲ ಮಳೆ ಬರುತ್ತಾ ಅಂತಲೇ ಕೇಳುತ್ತಾರೆ. ಬರುತ್ತದೆ, ಅರ್ಧ ಗಂಟೆ ಹೊಡೆದು ಹೋಗುತ್ತದೆ, ಮತ್ತೆ ಚುರುಕು ಬಿಸಿಲು. ಅದಕ್ಕಿಂತ ಮುಖ್ಯವಾದದ್ದು ನೀರಿನ ಇಳಿತ. ಉಬ್ಬರಕ್ಕೆ ಹೊಳೆ ತುಂಬಿದ್ದಾಗ ಹೋದರೆ ಬರೀ ನೀರು ನೋಡಿ ಬರಬೇಕು. ಇಳಿದಾಗ ಕೆಸರಿನ ಬಯಲು ತೆರೆದುಕೊಳ್ಳುತ್ತದೆ, ಹಕ್ಕಿಗಳಿಗೆ ಊಟದ ಹೊತ್ತು ಅದೇ. ದಿನಕ್ಕೆ ಎರಡು ಇಳಿತ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಕೆಸರು ಜಾಸ್ತಿ ಕಾಣುತ್ತದೆ. ಮೊಬೈಲಿನಲ್ಲಿ ಸಮಯ ಸಿಗುತ್ತದೆ. ಆದರೂ ಕೆಸರಿನಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಹೆಕ್ಕಲು ಬಂದವರನ್ನು, "ಅಕ್ಕಾ, ನೀರು ಎಷ್ಟೊತ್ತಿಗೆ ಇಳೀತದೆ?" ಅಂತ ಒಂದು ಮಾತು ಕೇಳಿಬಿಡಿ.

ಈ ಅಳಿವೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಹಾಗಂತ ಟಿಕೆಟ್ ಕೊಟ್ಟು ಒಳಹೋಗುವ ಪಕ್ಷಿಧಾಮ ಅಂದುಕೊಳ್ಳಬೇಡಿ. ಮೀನು, ಬಳಚು ಹಿಡಿದು ಬದುಕುವವರ ಜಾಗ ಇದು.

ನಾವು ಬೆಳಿಗ್ಗೆ ತದಡಿಯಿಂದ ಶುರು ಮಾಡಿದೆವು. ಮೀನಿನ ದೋಣಿಗಳು ಬಂದು ನಿಲ್ಲುವ ಕಡೆ ಗರುಡಗಳು ತಲೆ ಮೇಲೆಯೇ ಸುತ್ತುತ್ತಿರುತ್ತವೆ. ಬೆಳ್ಳಕ್ಕಿಗಳ ನಡುವೆ ಬೂದು ಬಣ್ಣದ್ದೊಂದು ಕಂಡರೆ ಬೇರೇನೋ ಅಂದುಕೊಳ್ಳಬೇಡಿ, ಅದು ಕಡಲ ಬೆಳ್ಳಕ್ಕಿಯ ಕಪ್ಪು ರೂಪ. ಅಷ್ಟರಲ್ಲಿ ಮಳೆ ಹಿಡಿಯಿತು. ಮಳೆ ನಿಂತ ತಕ್ಷಣದ ಹೊತ್ತನ್ನು ಮಾತ್ರ ಚಹಾ ಕುಡಿಯಲು ಕಳೆಯಬೇಡಿ. ನೆನೆದ ಹದ್ದು, ಗಿಡುಗಗಳು ಒಣಮರದ ತುದಿಯಲ್ಲಿ ರೆಕ್ಕೆ ಬಿಚ್ಚಿ ಕೂತಿರುತ್ತವೆ, ಹತ್ತಿರ ಹೋದರೂ ಬೇಗ ಏಳುವುದಿಲ್ಲ. ನಮಗೆ ಬಿಳಿ ಹೊಟ್ಟೆಯ ಕಡಲ ಹದ್ದು ಸಿಕ್ಕಿದ್ದು ಹಾಗೆಯೇ.

ದಿನದ ನಿಜವಾದ ಖುಷಿ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ಕಟ್ಟೆಯ ಮೇಲೆ ಕೂತಾಗ. ಎದುರಿಗೆ ಒಂದು ವಿಂಬ್ರೆಲ್, ಉದ್ದ ಕಾಲಿನ ಕಡಲಂಚಿನ ಹಕ್ಕಿ, ಕೊಕ್ಕು ಕುಡುಗೋಲಿನ ಹಾಗೆ ಕೆಳಕ್ಕೆ ಬಾಗಿದ್ದು. ಏಡಿಯ ಬಿಲಕ್ಕೆ ಆ ಕೊಕ್ಕನ್ನು ಬುಡದವರೆಗೆ ತೂರಿಸಿ ಏಡಿಯನ್ನು ಎಳೆಯಿತು. ಸೀದಾ ನುಂಗಲಿಲ್ಲ. ಝಾಡಿಸಿ ಝಾಡಿಸಿ ಕಾಲುಗಳನ್ನು ಒಂದೊಂದಾಗಿ ಕಿತ್ತು ಹಾಕಿತು, ನೀರಿಗೆ ಅದ್ದಿತು, ಆಮೇಲೆ ಗುಳುಂ. ಪಕ್ಕದಲ್ಲೇ ಓಡಿ ನಿಂತು, ಓಡಿ ನಿಂತು ಮೇಯುವ ಸಣ್ಣ ಸ್ಯಾಂಡ್ ಪ್ಲವರ್‌ಗಳು ಜಿಟಿಜಿಟಿ ಮಳೆಗೆ ಸೊಪ್ಪೇ ಹಾಕಲಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನಲ್ಲಿ ಕರಿತಲೆಯ ಮಿಂಚುಳ್ಳಿಗಾಗಿ ಕಣ್ಣಾಡಿಸಿ. ಕಡಲಕ್ಕಿಗಳ ದೊಡ್ಡ ಗುಂಪು ಬೇಕಿದ್ದರೆ ಡಿಸೆಂಬರ್, ಜನವರಿಯೇ ಸರಿ.

ನೀರುನಾಯಿ ನಮಗೆ ಕಾಣಲಿಲ್ಲ. ಕೆಸರಲ್ಲಿ ಹೆಜ್ಜೆ, ಕಲ್ಲಿನ ಮೇಲೆ ಮೀನಿನ ಹುರುಪೆ, ಏಡಿ ಚಿಪ್ಪಿನ ಚೂರು ತುಂಬಿದ ಹಿಕ್ಕೆ ಕಂಡಿತು. ಅಷ್ಟಕ್ಕೇ ನಾನಂತೂ ತೃಪ್ತ, ಜೊತೆಗಿದ್ದವರು ಮೂಗು ಮುಚ್ಚಿಕೊಂಡರು ಅನ್ನಿ.

ಕೆಸರಿಗೆ ಇಳಿಯುವ ಹುಮ್ಮಸ್ಸು ಬೇಡ. ಕಾಲು ಹೂತುಹೋಗುತ್ತದೆ, ಚಿಪ್ಪು ಬ್ಲೇಡಿನಷ್ಟೇ ಕುಯ್ಯುತ್ತದೆ, ಹಕ್ಕಿಗಳೂ ಏಳುತ್ತವೆ. 8x42 (ಎಂಟು ಪಟ್ಟು ಹಿಗ್ಗಿಸುವ, 42 ಮಿ.ಮೀ. ಲೆನ್ಸಿನ) ಬೈನಾಕ್ಯುಲರ್ ಸಾಕು. ಲೆನ್ಸ್ ಒರೆಸಲು ಒಣ ಹತ್ತಿ ಬಟ್ಟೆ ಎರಡು ಮೂರು ಇರಲಿ, ಒಂದು ನೆನೆದೇ ನೆನೆಯುತ್ತದೆ. ಬೆಳಿಗ್ಗೆ ಪಡುವಣಕ್ಕೆ, ಸಂಜೆ ಮೂಡಣಕ್ಕೆ ಮುಖ ಮಾಡಿ ಕೂತರೆ ಬೆಳಕು ಕಣ್ಣಿಗೆ ಹೊಡೆಯುವುದಿಲ್ಲ. ತದಡಿಯಿಂದ ಆಚೆ ದಡದ ಅಘನಾಶಿನಿ ಊರಿಗೆ ದೋಣಿ ಇದೆ. ಹತ್ತುವಾಗಲೇ ಕೊನೆಯ ದೋಣಿ ಎಷ್ಟಕ್ಕೆ ಅಂತ ಕೇಳಿಟ್ಟುಕೊಳ್ಳಿ, ತಪ್ಪಿಸಿಕೊಂಡರೆ ರಸ್ತೆಯಲ್ಲಿ ದೊಡ್ಡ ಸುತ್ತು. ಹಿಂಗಾರಿನ ಗುಡುಗು ಸಾಮಾನ್ಯವಾಗಿ ಸಂಜೆಗೇ. ಸದ್ದು ಕೇಳಿದ ಕೂಡಲೇ ಕಟ್ಟೆ ಬಿಟ್ಟು ಊರೊಳಗೆ ಬನ್ನಿ, ಆ ಬಯಲಿನಲ್ಲಿ ನಿಮಗಿಂತ ಎತ್ತರದ್ದು ಏನೂ ಇರುವುದಿಲ್ಲ.